ಇಂದ್ರಮ್ಮನ ಆಪ್ಷನಲ್ ಗಣಿತ

ಮಂಡ್ಯ
೧೪ ಜೂನ್ ೧೯೪೪

ಶಕೀಲಾ,

ನೀನು ಹೇಗಿದ್ದೀಯ, ನಾನು ಹೇಗಿದ್ದೀನಿ ಅನ್ನೋದೆಲ್ಲ ಕೊನೇಲಿ ಜಾಗ ಉಳಿದರೆ ಬರೀತೀನಿ. ಮೊದಲು ನನ್ನ ಸಿಟ್ಟು ಓದು.

ನೀವು ಮದ್ದೂರು ಬಿಟ್ಟು ಮಳವಳ್ಳಿಗೆ ಹೋದ ಮೇಲೆ ಅಪ್ಪ ನನ್ನನ್ನು ಮಂಡ್ಯದ ಮಂಗಳತ್ತೆ ಮನೇಲಿ ಬಿಟ್ಟು ಹೈಸ್ಕೂಲಿಗೆ ಸೇರಿಸಿದ್ದು ನಿನಗೆ ಗೊತ್ತೇ ಇದೆ. ಈಗ ಐದನೇ ಫಾರಂ. ಎಸ್ಸೆಸ್ಸೆಲ್ಸಿಗೆ ಇನ್ನು ಎರಡು ವರ್ಷ. ಎಲ್ಲರಿಗೂ ಇರೋ ಲೆಕ್ಕದ ಮೇಲೆ ಇನ್ನೂ ಗಣಿತ ಬೇಕು ಅನ್ನೋರು ಅದನ್ನು ಆಪ್ಷನಲ್ ಅಂತ ಈಗಲೇ ಆರಿಸ್ಕೋಬೇಕು. ಅದಿಲ್ಲದಿದ್ದರೆ ಕಾಲೇಜಿನಲ್ಲಿ ಗಣಿತಕ್ಕೆ ಸೇರಿಸೋಲ್ಲ. ಹೋದ ವರ್ಷ ಲೆಕ್ಕಕ್ಕೆ ನಾನೇ ಮೊದಲು. ಕೈ ಎತ್ತಿದೆ. ಕ್ಲಾಸೆಲ್ಲ ನಕ್ಕಿತು. ಹೆಣ್ಣು ಮಕ್ಕಳಿಗೆ ಹೈಜೀನು ಅಂತೆ. ಉಗುರು ಕತ್ತರಿಸೋದು, ಗಂಜಿ ಬಸಿಯೋದು, ಕೂಸು ತೊಳೆಯೋದು.

ಅಪ್ಪನ್ನ ಕರೆಸಿದೆ. ನಮ್ಮಪ್ಪ ಜವರಯ್ಯ ಅಂದರೆ ಚಿಕ್ಕರಸಿನಕೆರೇಲಿ ಎಂಥ ಗಂಟಲು ಅಂತ ನೀನೇ ಕೇಳಿದ್ದೀಯ. ನಾಲೆ ನೀರು ತಡವಾದರೆ ನೀರುಗಂಟಿ ಮೂಲೆ ಹುಡುಕ್ಕೊಂಡು ಅವಿತುಕೊಳ್ಳಬೇಕು. ಆ ಅಪ್ಪ ಹೆಡ್ ಮೇಷ್ಟ್ರ ಕೋಟು ನೋಡಿದ ತಕ್ಷಣ ಹೆಗಲ ಟವಲು ಕೈಗೆ ತಗೊಂಡು ನಿಂತುಬಿಟ್ಟ.

"ನೋಡಿ ಜವರಯ್ಯನವರೇ, ನಿಮ್ಮ ಹುಡುಗಿ ಸೈನು ಕೊಸೈನು ಕಲಿತು ಏನು ಮಾಡ್ತಾಳೆ? ಮಗು ಅತ್ತರೆ ಲಾಗ್ ಟೇಬಲ್ ತೆಗೆದು ನೋಡ್ತಾಳೇನು?" ಅಂದರು ಹೆಡ್ ಮೇಷ್ಟ್ರು.

ಅಪ್ಪ ನಕ್ಕ! "ಅದೂ ದಿಟವೇ ಬುದ್ಧಿ" ಅಂದ. ಹೊರಗೆ ಬಂದ ಮೇಲೆ ನನ್ನ ಮುಖ ನೋಡಿ, "ಓಗ್ಲಿ ಬುಡು ಮಗ, ಯಾವ್ದಾದ್ರೇನು, ಪಾಸಾದ್ರೆ ಸಾಕು" ಅಂದ. ಯಾವುದಾದರೇನು ಅಂತೆ! ಗದ್ದೇಲಿ ಭತ್ತ ಹಾಕಬೇಕೋ ರಾಗಿ ಹಾಕಬೇಕೋ ಅಂತ ಯಾರಾದರೂ ಬೇರೆಯವರು ಹೇಳಿದರೆ ಸುಮ್ಮನಿರ್ತಾನಾ?

ಜಾಗ ಮುಗೀತು. ನಾನು ಚೆನ್ನಾಗಿಲ್ಲ.

ಇಂದ್ರಮ್ಮ


ಮಳವಳ್ಳಿ
೨೬ ಜೂನ್ ೧೯೪೪

ಇಂದ್ರಿ,

ನಿನ್ನ ಹೆಡ್ ಮೇಷ್ಟ್ರ ಮಾತನ್ನು ಅಬ್ಬಾಗೆ ಓದಿ ಹೇಳಿದೆ. ಇದ್ದಲಿನ ಹೊಗೇಲಿ ಓಡೋ ಬಸ್ಸಿನ ಕೆಳಗೆ ಮಲಗಿ ನಟ್ಟು ತಿರುಗಿಸ್ತಿದ್ದರು. "ಅವರಿಗೆ ಮಕ್ಕಳು ಇಲ್ಲ ಅನ್ಸುತ್ತೆ. ಇದ್ದಿದ್ದರೆ ಮಗು ಅತ್ತಾಗ ಯಾವ ಪುಸ್ತಕವೂ ಸಹಾಯಕ್ಕೆ ಬರೋಲ್ಲ ಅಂತ ಗೊತ್ತಿರೋದು" ಅಂದರು.

ಇಲ್ಲಿ ನಾನೂ ಗಣಿತ ಬೇಕು ಅಂದಾಗ ಶಿವಣ್ಣ ಮೇಷ್ಟ್ರು ನನ್ನ ಕೇಳಿದ್ದು ಒಂದೇ ಮಾತು. "ಮನೇಲಿ ಕೂತು ಓದೋಕೆ ಜಾಗ ಇದೆಯೇನಮ್ಮ?" ಇದೆ ಅಂದೆ. ಶೆಡ್ಡಿನಲ್ಲಿ ಹಳೇ ಟೈರುಗಳ ಮೇಲೆ ಕೂತು ಓದ್ತೀನಿ ಅಂತ ಹೇಳಲಿಲ್ಲ. ಹೆಸರು ಬರೆದುಕೊಂಡರು. ಅಷ್ಟೇ. ಅವರು ದೇವರಂಥವರು ಅಂತಲ್ಲ, ಕ್ಲಾಸಿಗೆ ಬಂದೋರಿಗೆ ಪಾಠ ಹೇಳ್ತಾರೆ. ಮೇಷ್ಟ್ರು ಮಾಡಬೇಕಾದ್ದೇ ಅದು ತಾನೆ?

ನೀನು ಅತ್ತುಕೊಂಡು ಹೈಜೀನಿಗೆ ಹೋಗಬೇಡ. ಕ್ಲಾಸಿನ ಒಳಗೆ ಬಿಡದಿದ್ದರೆ ಹೊರಗೆ ಕೂತ್ಕೋ. ಜಗಲಿ ಯಾರಪ್ಪನ ಆಸ್ತಿ?

ಒಂದು ಲೆಕ್ಕ ಕಳಿಸ್ತೀನಿ. ಒಂದಕ್ಕೆ ಅರ್ಧ ಸೇರಿಸು. ಆ ಅರ್ಧದ ಅರ್ಧ ಸೇರಿಸು. ಅದರ ಅರ್ಧ ಸೇರಿಸು. ಹೀಗೇ ನಿಲ್ಲಿಸದೆ ಹೋದರೆ ಎಲ್ಲಿಗೆ ಹೋಗಿ ಮುಟ್ಟುತ್ತೆ? ಮುಟ್ಟುತ್ತಾ?

ಶಕೀಲಾ


ಮಂಡ್ಯ
೩ ಸೆಪ್ಟೆಂಬರ್ ೧೯೪೪

ಶಕೀಲಾ,

ಎರಡು! ಮುಟ್ಟೋಲ್ಲ, ಆದರೆ ಎರಡು ಬಿಟ್ಟು ಬೇರೆ ಕಡೆ ಹೋಗೋಕೂ ಅದಕ್ಕೆ ದಾರಿ ಇಲ್ಲ. ಇದನ್ನು ಕಂಡುಕೊಂಡಾಗ ಅತ್ತೆ ಮನೆ ಹಿತ್ತಿಲಲ್ಲಿ ಪಾತ್ರೆ ಬೆಳಗ್ತಿದ್ದೆ. ಬೂದಿಯಲ್ಲೇ ಗೀಚಿದೆ. ಅತ್ತೆ ಏನೋ ಮಾಟ ಅಂದುಕೊಂಡು ನೀರು ಸುರಿದಳು.

ನೀನು ಹೇಳಿದ ಹಾಗೇ ಮಾಡಿದೆ. ಹೈಜೀನ್ ಹೊತ್ತಿಗೆ ಎದ್ದು ಹೋಗಿ ಗಣಿತದ ಕ್ಲಾಸಿನ ಕಿಟಕಿ ಕೆಳಗೆ ಜಗಲಿ ಮೇಲೆ ಕೂರ್ತಿದ್ದೆ. ಅಲ್ಲಿಂದ ಬೋರ್ಡಿನ ಎಡಗಡೆ ಮಾತ್ರ ಕಾಣುತ್ತೆ. ಸಮ ಅನ್ನೋ ಗುರುತು ಆದ ಮೇಲೆ ಏನು ಬರೆದರು ಅನ್ನೋದು ನಾನೇ ಹುಡುಕಬೇಕು. ಒಳಗಿರೋರಿಗೆ ಎಲ್ಲಾ ಕಾಣುತ್ತೆ, ಬರೆದುಕೊಂಡು ಆಕಳಿಸ್ತಾರೆ. ನೋಡಿ ನೋಡಿ ಮೈ ಉರೀತಿತ್ತು.

ಹೋದ ವಾರ ಗಣಿತದ ಅಂಕಯ್ಯ ಮೇಷ್ಟ್ರು ಒಂದು ಲೆಕ್ಕ ಕೇಳಿ ಕಾದರು. ಒಬ್ಬನೂ ಬಾಯಿ ಬಿಡಲಿಲ್ಲ. ನನಗೆ ತಡೆಯೋಕಾಗದೆ ಕಿಟಕಿಯಿಂದ ಉತ್ತರ ಹೇಳಿಬಿಟ್ಟೆ. ಎಲ್ಲರೂ ತಿರುಗಿದರು. ಮೇಷ್ಟ್ರು ಕಿಟಕಿಗೆ ಬಂದು ಬಗ್ಗಿ ನೋಡಿ, "ಎಷ್ಟು ದಿನದಿಂದ ಇಲ್ಲಿದ್ದೀಯ?" ಅಂದರು.

"ಶುರುವಿಂದಲೂ ಇದ್ದೀನಿ ಸಾರ್."

"ಮಳೆ ಬಂದಾಗ?"

"ನೆನೀತಿದ್ದೆ ಸಾರ್."

ಅವರ ಮುಖ ಒಂಥರಾ ಆಯಿತು. "ಒಳಕ್ಕೆ ಬಾ" ಅಂದರು. ಸಂಜೆ ಹೆಡ್ ಮೇಷ್ಟ್ರ ಹತ್ತಿರ ಏನು ಮಾತಾಡಿದರೋ, ಮರುದಿನದಿಂದ ಕೊನೇ ಬೆಂಚು ನನ್ನದು. ಹೆಡ್ ಮೇಷ್ಟ್ರು ದಾರೀಲಿ ಸಿಕ್ಕಾಗ, "ಕೂತರೆ ಕೂರು" ಅಂತ ಗದರಿದರು. ಗೆದ್ದೆ ಕಣೇ!

ಇಂದ್ರಮ್ಮ


ಮಂಡ್ಯ
೨೧ ಅಕ್ಟೋಬರ್ ೧೯೪೫

ಶಕೀಲಾ,

ಒಂದು ವರ್ಷದಿಂದ ನಮ್ಮ ಕಾಗದದಲ್ಲಿ ಲೆಕ್ಕ ಬಿಟ್ಟು ಬೇರೆ ಸುದ್ದಿಯೇ ಇಲ್ಲ. ಯುದ್ಧ ಮುಗಿದದ್ದನ್ನೂ ನಾವು ಒಬ್ಬರಿಗೊಬ್ಬರು ಬರೀಲಿಲ್ಲ ನೋಡು.

ನೀನು ಕಳಿಸಿದ ಟ್ರಿಗನಾಮೆಟ್ರಿ ಲೆಕ್ಕ ಮಾಡಿ ಮಾಡಿ ಹುಚ್ಚು ಹಿಡಿದು, ಸಕ್ಕರೆ ಕಾರ್ಖಾನೆ ಚಿಮಣಿಯ ಎತ್ತರ ಅಳೆದೆ! ರಟ್ಟಿನ ಮೇಲೆ ಕೋನ ಬರೆದು, ದಾರಕ್ಕೆ ಕಲ್ಲು ಕಟ್ಟಿ, ರಸ್ತೆಯ ಎರಡು ಕಡೆಯಿಂದ ನೋಡಿ ಲೆಕ್ಕ ಹಾಕಿದೆ. ಕಬ್ಬಿನ ಗಾಡಿಯವರೆಲ್ಲ ಗಾಡಿ ನಿಲ್ಲಿಸಿ, "ಏನವ್ವಾ, ಬೀಳ್ತದಾ?" ಅಂತ ಕೇಳಿದರು. ನಗು ತಡೆಯೋಕಾಗಲಿಲ್ಲ. ಕಾಲು ನೆಲದ ಮೇಲೇ ಇದ್ದು ಅಷ್ಟು ಎತ್ತರದ್ದನ್ನು ಹಿಡಿಯಬಹುದಲ್ಲ ಅಂತ ಆ ಸಂಜೆಯೆಲ್ಲ ಮೈ ಹಗುರಾಗಿತ್ತು.

ಪರೀಕ್ಷೆಗೆ ಮುಂಚಿನ ಟೆಸ್ಟಿನಲ್ಲಿ ಗಣಿತಕ್ಕೆ ನಾನೇ ಮೊದಲು. ಹಿಂದೆ ಕೂರೋ ಹುಡುಗರು ಅಂಕಯ್ಯ ಮೇಷ್ಟ್ರು ಕನಿಕರಕ್ಕೆ ಹಾಕಿದ್ದಾರೆ ಅಂತ ಹಬ್ಬಿಸಿದರು. ನಾನು ಉತ್ತರದ ಹಾಳೆ ತೆಗೆದು ಅವರ ಮುಂದೆ ಇಟ್ಟು, "ಕನಿಕರ ಎಲ್ಲಿದೆ, ತೋರಿಸ್ರಪ್ಪ" ಅಂದೆ.

ಅಪ್ಪ ಈಗ ಏನೂ ಅನ್ನೋಲ್ಲ. ಮೊನ್ನೆ ಬಂದಾಗ ಹೊಸ ಸೀರೆ ತಂದಿದ್ದ. ಒಳಗೊಳಗೇ ಅವನಿಗೂ ಹೆಮ್ಮೆ ಅನ್ಸುತ್ತೆ. ಆ ದಿನವೇ ನಿಡಘಟ್ಟದಿಂದ ಯಾರೋ ಅತ್ತೆ ಮನೆಗೆ ಬಂದಿದ್ದರು. ಕಾಫಿ ಕೊಟ್ಟು ಬಂದು ಓದೋಕೆ ಕೂತೆ.

ಇಂದ್ರಮ್ಮ


ಮಳವಳ್ಳಿ
೨ ಡಿಸೆಂಬರ್ ೧೯೪೫

ಇಂದ್ರಿ,

ಇನ್ನು ಮೇಲೆ ನಾನು ಲೆಕ್ಕ ಕಳಿಸೋಲ್ಲ. ನೀನೂ ಕಳಿಸಬೇಡ. ಪರೀಕ್ಷೆ ಹತ್ತಿರ ಬಂತು, ಅವರವರ ಪುಸ್ತಕ ಅವರವರು ಓದಿಕೊಳ್ಳೋಣ.

ಮನೇಲಿ ಯಾರು ಬರ್ತಾರೆ, ಏನು ಮಾತಾಡ್ತಾರೆ, ಸ್ವಲ್ಪ ಕಿವಿ ಕೊಟ್ಟು ಕೇಳ್ತಾ ಇರು. ಯಾವಾಗಲೂ ಪುಸ್ತಕದೊಳಗೇ ಇರಬೇಡ.

ಶಕೀಲಾ


ಮಂಡ್ಯ
೧೧ ಜನವರಿ ೧೯೪೬

ಶಕೀಲಾ,

ನಿನ್ನ ನಾಲ್ಕು ಸಾಲು ತಲುಪಿ ಎಷ್ಟೋ ದಿನ ಆಯಿತು. ಉತ್ತರ ಬರೆಯೋಕೆ ಮನಸ್ಸು ಬರಲಿಲ್ಲ.

ನಾನು ಮುಂದೆ ಹೋಗಿಬಿಟ್ಟೇನು ಅಂತ ಭಯವೇ ನಿನಗೆ? ಟೆಸ್ಟಿನಲ್ಲಿ ಮೊದಲು ಬಂದೆ ಅಂತ ಬರೆದ ಕಾಗದಕ್ಕೇ ಈ ಉತ್ತರ ಬರಬೇಕಾ? ಹಿಂದಿನ ಬೆಂಚಿನ ಹುಡುಗರು ಹೊಟ್ಟೆಕಿಚ್ಚು ಪಟ್ಟರೆ ನನಗೆ ಲೆಕ್ಕವಿಲ್ಲ. ನೀನೂ ಪಟ್ಟೆಯಲ್ಲ. "ಯಾವಾಗಲೂ ಪುಸ್ತಕದೊಳಗೇ ಇರಬೇಡ" ಅನ್ನೋ ಮಾತು ಹೆಡ್ ಮೇಷ್ಟ್ರ ಬಾಯಲ್ಲಿ ಬಂದಿದ್ದರೆ ನನಗೆ ಇಷ್ಟು ನೋವಾಗ್ತಿರಲಿಲ್ಲ.

ಮಾರ್ಚಿನಲ್ಲಿ ಮಳವಳ್ಳಿಯವರಿಗೂ ಮಂಡ್ಯದಲ್ಲೇ ಪರೀಕ್ಷೆ ಅಂತೆ. ಅಲ್ಲೇ ನೋಡೋಣ, ಯಾರು ಯಾರಿಗಿಂತ ಮುಂದೆ ಅಂತ.

ಇಂದ್ರಮ್ಮ


ಮಳವಳ್ಳಿ
೬ ಏಪ್ರಿಲ್ ೧೯೪೬

ಇಂದ್ರಮ್ಮ,

ಎಲ್ಲಿ ಹೋಗಿದ್ದೆ?

ಮೊದಲ ದಿನ ಇಂಗ್ಲಿಷ್ ಪರೀಕ್ಷೆಗೆ ಬಂದೆ. ನನ್ನ ನೋಡಿ ಮುಖ ತಿರುಗಿಸಿದೆ. ಸರಿ, ಸಿಟ್ಟಿದೆ, ಇರಲಿ ಅಂದುಕೊಂಡೆ. ಆಪ್ಷನಲ್ ಗಣಿತದ ದಿನ ಹಾಲಿನಲ್ಲಿ ಹೆಣ್ಣು ಅಂತ ಇದ್ದವಳು ನಾನೊಬ್ಬಳೇ. ಪ್ರಶ್ನೆಪತ್ರಿಕೆ ಕೈಗೆ ಬಂದ ಮೇಲೂ ಬಾಗಿಲ ಕಡೆ ನೋಡ್ತಿದ್ದೆ. ಎರಡನೇ ಪ್ರಶ್ನೆ ನೀನೇ ನನಗೆ ಹೇಳಿಕೊಟ್ಟಿದ್ದು. ಅದನ್ನು ನೀನು ಮಾಡೋ ಹಾಗೇ ಮಾಡಿದೆ.

ಮುಗಿಸಿ ಮಂಗಳತ್ತೆ ಮನೆಗೆ ಬಂದೆ. ಊರಿಗೆ ಹೋದಳು ಅಂದರು.

ಹೆಡ್ ಮೇಷ್ಟ್ರನ್ನು ಬಾಯಿಗೆ ಬಂದ ಹಾಗೆ ಬೈದವಳು, ಮಳೇಲಿ ನೆಂದು ಕಲಿತವಳು, ಪರೀಕ್ಷೆ ದಿನ ಹೆದರಿ ಓಡಿಹೋದೆಯಾ? ನಿನಗೆ ನನ್ನ ಮೇಲೆ ಸಿಟ್ಟಿದ್ದರೆ ನನ್ನ ಕೆನ್ನೆಗೆ ಹೊಡೀಬೇಕಿತ್ತು. ಎರಡು ವರ್ಷದ ಓದನ್ನು ನಾಲೆಗೆ ಎಸೆಯೋದಲ್ಲ. ನನಗೆ ನಿನ್ನ ಮೇಲೆ ಬಂದಿರೋ ಕೋಪ ಇಷ್ಟಿಷ್ಟಲ್ಲ.

ಶಕೀಲಾ


ಚಿಕ್ಕರಸಿನಕೆರೆ
೧೩ ಏಪ್ರಿಲ್ ೧೯೪೬

ಶಕೀಲಾ,

ನಾನು ಓಡಿಹೋಗಲಿಲ್ಲ. ಆ ಹಾಲಿಗೆ ಬರೋಕೆ ನನಗೆ ಹಕ್ಕೇ ಇರಲಿಲ್ಲ.

ಫೆಬ್ರವರಿಯಲ್ಲಿ ಹೆಡ್ ಮೇಷ್ಟ್ರು ಕರೆಸಿ, "ನಿನ್ನ ಸಬ್ಜೆಕ್ಟು ಹೈಜೀನು ಅಂತ ಪರೀಕ್ಷೆ ಅರ್ಜಿ ಬೆಂಗಳೂರಿಗೆ ಹೋಗಿದೆ, ಅದನ್ನು ಓದಿಕೋ" ಅಂದರು. ನನಗೆ ಅರ್ಥವೇ ಆಗಲಿಲ್ಲ. ಎರಡು ವರ್ಷ ಗಣಿತದ ಕ್ಲಾಸಿನಲ್ಲಿ ಕೂತಿದ್ದೀನಿ ಸಾರ್, ಟೆಸ್ಟಿನಲ್ಲಿ ಮೊದಲು ಬಂದಿದ್ದೀನಿ ಸಾರ್ ಅಂದೆ. "ಕೂರೋಕೆ ತಾನೆ ಬಿಟ್ಟಿದ್ದು?" ಅಂದರು. ಅಂಕಯ್ಯ ಮೇಷ್ಟ್ರು ನನ್ನ ಮುಂದೇನೇ ಜಗಳಕ್ಕೆ ನಿಂತರು. ಹೆಡ್ ಮೇಷ್ಟ್ರು ಕುರ್ಚಿಯಿಂದ ಏಳಲೂ ಇಲ್ಲ. ಇನ್ನು ಏನೂ ಮಾಡೋಕಾಗಲ್ಲ ಅಂದರು. ನಾನು ಅಳ್ತಾ ನಿಂತಿದ್ದರೆ, "ನನ್ನನ್ನೇನು ಕೇಳ್ತೀಯ, ನಿಮ್ಮ ಮನೆಯವರನ್ನು ಕೇಳು ಹೋಗು" ಅಂತ ಅಣಕಿಸಿದರು.

ಗೊತ್ತಿಲ್ಲದ ಪುಸ್ತಕ ಬಾಯಿಪಾಠ ಮಾಡಿ, ಹಾಲು ಕೆಡದಂತೆ ಇಡೋದು ಹೇಗೆ ಅಂತ ಬರೆದು, ನೀನು ಹೊರಗೆ ಬರೋಕೆ ಮುಂಚೆ ಎದ್ದು ಊರಿಗೆ ಬಂದೆ. ಬರೀತಾ ಇದ್ದರೆ ಪಕ್ಕದ ಕೋಣೆಯಲ್ಲಿ ನೀನು ಏನು ಬರೀತಿದ್ದೀಯೋ ಅಂತಲೇ ಮನಸ್ಸು. ನಿನಗೆ ಹೇಗೆ ಹೇಳಲಿ? "ಅಲ್ಲೇ ನೋಡೋಣ" ಅಂತ ಜಂಬ ಕೊಚ್ಚಿಕೊಂಡಿದ್ದೆನಲ್ಲ.

ಆ ಮನುಷ್ಯನ ಹೆಸರು ಹೇಳಿದರೆ ಈಗಲೂ ಮೈಯೆಲ್ಲ ಬೆಂಕಿ. ಅಪ್ಪನಿಗೆ ಹೇಳಿದೆ. ಪಾಪ, ತಲೆ ತಗ್ಗಿಸಿಕೊಂಡು ಕೇಳಿದ. "ದೊಡ್ಡೋರ ಸವಾಸ ಕಣವ್ವ" ಅಂದ, ಅಷ್ಟೇ.

ಇಂದ್ರಮ್ಮ


ಮಳವಳ್ಳಿ
೧೯ ಏಪ್ರಿಲ್ ೧೯೪೬

ಇಂದ್ರಿ,

ಇದನ್ನು ಕೂತುಕೊಂಡು ಓದು.

ಹೆಡ್ ಮೇಷ್ಟ್ರು ಅಣಕಿಸಲಿಲ್ಲ. ಇದ್ದದ್ದನ್ನೇ ಹೇಳಿದರು.

ಹೋದ ನವೆಂಬರಿನಲ್ಲಿ ನಿಮ್ಮಪ್ಪ ನಮ್ಮ ಶೆಡ್ಡಿಗೆ ಬಂದಿದ್ದರು. ಮಳವಳ್ಳಿಯ ನಿಮ್ಮ ಹೊಂಬಾಳಜ್ಜಿಯನ್ನು ನೋಡೋಕೆ ಬಂದೋರು ಹಾಗೇ ಬಂದರು ಅಂದುಕೊಂಡೆ. ಚಾ ತಂದಿಟ್ಟು ಗೋಣಿ ಪರದೆ ಹಿಂದೆ ನಿಂತೆ. ನಿಮ್ಮಪ್ಪ ಅಬ್ಬಾ ಹತ್ತಿರ, "ಸೌಕತ್ ಸಾಬ್ರೇ, ನಿಮ್ ಮಗೀಗೆ ವಸಿ ಯೋಳಿ. ನಮ್ ಮಗೀಗೆ ಆ ಲೆಕ್ಕಗಿಕ್ಕ ಕಳ್ಸದು ಬ್ಯಾಡ. ನಿಡಘಟ್ಟದೋರ ತಾವ ಸಂಬಂಧ ಮಾತಾಡಿವ್ನಿ. ಇಸ್ಕೂಲ್ನಾಗೂ ಯೋಳಿ ಸರಿ ಮಾಡುಸ್ತೀನಿ" ಅಂದರು. ಇಸ್ಕೂಲಿನಲ್ಲಿ ಏನು ಸರಿ ಮಾಡಿಸ್ತಾರೆ ಅಂತ ಆಗ ನನಗೆ ಹೊಳೀಲಿಲ್ಲ. ಈಗ ನಿನ್ನ ಕಾಗದ ಓದಿ ಹೊಳೀತು.

ಅವರು ಹೋದ ಮೇಲೆ, ನಿನಗೆ ಲೆಕ್ಕ ಕಳಿಸೋಲ್ಲ, ಈ ಮಾತೂ ಹೇಳೋಲ್ಲ ಅಂತ ಅಬ್ಬಾ ನನ್ನ ಕೈಲಿ ಆಣೆ ಮಾಡಿಸಿದರು. ಬೇರೆ ಮನೆಯ ಮಾತು, ನಾವು ನಡುವೆ ಹೋಗಬಾರದು, ನಾಳೆ ಊರೆಲ್ಲ ಬೇರೆ ಬಣ್ಣ ಕಟ್ಟುತ್ತೆ ಅಂದರು. ನಿನ್ನ ಕಾಗದ ಬಂದ ಮೇಲೆ ಅಬ್ಬಾ ಜೊತೆ ದೊಡ್ಡ ಜಗಳ ಆಡಿದೆ. ಹೆಡ್ ಮೇಷ್ಟ್ರ ಮಾತಿಗೆ ನಗಾಡಿದೋರು, ಅದೇ ಮಾತನ್ನು ಗೆಳೆಯ ಬಂದು ಆಡಿದಾಗ ಯಾಕೆ ಸುಮ್ಮನಾದಿರಿ ಅಂತ ಕೇಳಿದೆ. ಅವರು ನಟ್ಟು ತಿರುಗಿಸೋ ಪಾನಾ ತಗೊಂಡು ಮತ್ತೆ ಬಸ್ಸಿನ ಕೆಳಕ್ಕೆ ಹೋಗಿಬಿಟ್ಟರು. ಆಣೆ ಮುರಿದೆ. ಮುರಿಯಬೇಕಿತ್ತು.

ನೀನು ಹೆದರಿದೆ ಅಂದುಕೊಂಡೆನಲ್ಲ, ಅದಕ್ಕೆ ನನ್ನ ಮೇಲೇ ನನಗೆ ಕೋಪ.

ಶಕೀಲಾ


ಚಿಕ್ಕರಸಿನಕೆರೆ
೨ ಮೇ ೧೯೪೬

ಶಕೀಲಾ,

ನಿನ್ನ ಕಾಗದ ಓದಿ ಹೊರಗೆ ಬಂದೆ. ಅಪ್ಪ ಎತ್ತಿನ ಮೈ ತೊಳೀತಿದ್ದ.

"ಅಪ್ಪ, ಮಳವಳ್ಳೀಲಿ ಶಕೀಲನ ಮನೆಗೆ ಹೋಗಿದ್ದಾ?"

"ಯಾರ್ ಯೋಳುದ್ರು?"

"ಯಾರಾದರೂ ಹೇಳಲಿ. ಹೋಗಿದ್ದಾ?"

"ಓಗಿದ್ದೆ. ಏನೀಗ?"

"ಹೆಡ್ ಮೇಷ್ಟ್ರ ಹತ್ತಿರಕ್ಕೂ?"

ಎತ್ತಿನ ಬೆನ್ನು ಉಜ್ಜುತ್ತಲೇ ಇದ್ದ. ಉಜ್ಜಿದ ಕಡೆಯೇ ಉಜ್ಜುತ್ತಿದ್ದ.

"ನಿನ್ ಒಳ್ಳೇದ್ಕೇಯ ಕಣವ್ವ. ನಿಡಘಟ್ಟದ ಹುಡ್ಗ, ಆ ತಿಮ್ಮಯ್ಯ, ಅದೇ ಲೆಕ್ಕದಾಗೆ ಎಲ್ಡು ಸಲ ಮಕಾಡೆ ಬಿದ್ದವ್ನೆ. ನೀನು ಒಂದೇ ಏಟ್ಗೆ ಪಾಸಾಗ್ಬುಟ್ರೆ ಆ ಮನೇಲಿ ಯೆಂಗ್ ಬಾಳೀಯೆ? ಅವ್ರೇ ಬಾಯ್ಬುಟ್ಟು ಯೋಳುದ್ರು, ಹುಡ್ಗಿ ಅದ್ನ ಓದದು ಬ್ಯಾಡ ಅಂತ."

"ಅವನು ಬಿದ್ದ ಅಂತ ನನ್ನ ಕಾಲು ಮುರಿದೆಯಾ?"

"ಬಾಯ್ ಮುಚ್ಚು!" ಅಂತ ಚೊಂಬು ನೆಲಕ್ಕೆ ಕುಕ್ಕಿದ. ನೀರುಗಂಟಿ ಅವಿತುಕೊಳ್ಳೋ ಆ ಗಂಟಲು! ನಾನು ಅವಿತುಕೊಳ್ಳಲಿಲ್ಲ. ಆ ಗಂಟಲು ಹೆಡ್ ಮೇಷ್ಟ್ರ ಮುಂದೆ ಎಲ್ಲಿ ಹೋಗಿತ್ತು ಅಂತ ಕೇಳಿದೆ. ಫೆಬ್ರವರಿಯಿಂದ ನಾನು ಅತ್ತುಕೊಂಡು ಹೆಡ್ ಮೇಷ್ಟ್ರನ್ನು ಶಪಿಸ್ತಾ ಇದ್ದರೆ ತಲೆ ತಗ್ಗಿಸಿ ಕೇಳಿಸಿಕೊಂಡೆಯಲ್ಲ, ನಾಚಿಕೆ ಆಗಲಿಲ್ಲವಾ ಅಂದೆ. ಹೊಡೆಯೋಕೆ ಕೈ ಎತ್ತಿದ.

ಅವ್ವ ಕೊಟ್ಟಿಗೆಯಿಂದ ಬಂದಳು. ನಮ್ಮವ್ವ ದೇವಿರಮ್ಮ ಅಪ್ಪನ ಎದುರು ದನಿ ಎತ್ತಿದ್ದನ್ನು ನಾನು ಹುಟ್ಟಿದಾಗಿನಿಂದ ನೋಡಿಲ್ಲ. ಸಗಣಿ ಕೈಲೇ ಬಂದು ನಡುವೆ ನಿಂತಳು.

"ನಂಗೂ ಯೋಳ್ದಂಗೆ ಮಾಡ್ದಾ ಇದ್ನ? ನನ್ ಮಗ ಎಲ್ಡು ವರ್ಸ ನಿನ್ ತಂಗಿ ಮನೇಲಿ ಮುಸುರೆ ಬೆಳಗ್ಬುಟ್ಟು ಓದವ್ಳೆ. ಆ ಗಂಡ್ಗೆ ಯೋಳ್ಕಳ್ಸು, ಮೊದ್ಲು ಅವ್ನು ಪಾಸಾಗಿ ಬರ್ಲಿ. ಆಮ್ಯಾಕೆ ನಾವು ಯೋಚ್ನೆ ಮಾಡ್ತೀವಿ."

ಅಪ್ಪ ಕೈ ಇಳಿಸಿದ. ಅವತ್ತಿಂದ ನಮ್ಮಿಬ್ಬರ ಹತ್ತಿರಾನೂ ಮಾತಿಲ್ಲ. ಅವ್ವ ಆ ಮಾತನ್ನು ನಿಜವಾಗಿಯೂ ನಿಡಘಟ್ಟಕ್ಕೆ ಹೇಳಿ ಕಳಿಸಿದಳು. ಸಂಬಂಧ ಮುರಿದು ಬಿತ್ತು.

ಆದರೆ ನನ್ನ ಗಣಿತ? ಅದನ್ನು ಯಾರು ಕೊಡ್ತಾರೆ ಶಕೀಲಾ? ಹೆಡ್ ಮೇಷ್ಟ್ರಿಗೆ ಅಪ್ಪನ ಒಂದು ಮಾತು ಸಾಕಾಯಿತು, ನನ್ನ ಎರಡು ವರ್ಷ ಸಾಕಾಗಲಿಲ್ಲ.

ಇಂದ್ರಮ್ಮ


ಮಳವಳ್ಳಿ
೧೦ ಜೂನ್ ೧೯೪೬

ಇಂದ್ರಿ,

ಪಾಸಾದೆ, ಒಳ್ಳೇ ನಂಬರು. ಮೈಸೂರಿನ ಕಾಲೇಜಿಗೆ ಸೇರ್ತೀನಿ, ಚಿಕ್ಕಮ್ಮ ಜಾನ್ ಬೀ ಖಾಲಾ ಮನೇಲಿ ಇರ್ತೀನಿ. ನೀನೂ ಪಾಸು ಅಂತ ತಿಳೀತು. ಆ ಪಾಸಿಗೆ ನಿನಗೆ ಶುಭಾಶಯ ಹೇಳಿದರೆ ಒದೀತೀಯ, ಅದಕ್ಕೆ ಹೇಳೋಲ್ಲ.

ಶಿವಣ್ಣ ಮೇಷ್ಟ್ರನ್ನು ಕೇಳಿದೆ. ಬಿಟ್ಟುಹೋದ ಸಬ್ಜೆಕ್ಟು ಒಂದನ್ನೇ ಮುಂದಿನ ವರ್ಷ ಬರೆಯಬಹುದಂತೆ. "ಕಳಿಸು, ಕೂರಿಸ್ಕೋತೀನಿ. ಅರ್ಜಿ ಅವಳ ಕೈಲೇ ಬರೆಸಿ, ಅವಳ ಮುಂದೇನೇ ಕಳಿಸ್ತೀನಿ" ಅಂದರು. ಹೊಂಬಾಳಜ್ಜಿ ಮನೆ ನಮ್ಮ ಶೆಡ್ಡಿಗೆ ಕೂಗಳತೆ ದೂರ. ಅಬ್ಬಾ ತಾವೇ ಹೋಗಿ ಅಜ್ಜಿ ಹತ್ತಿರ ಮಾತಾಡಿ ಬಂದರು. ನಾನು ಕಳಿಸಲಿಲ್ಲ, ಅವರಾಗೇ ಹೋದರು. ಅಜ್ಜಿ ಒಪ್ಪಿದ್ದಾಳೆ.

ಬಂದುಬಿಡು.

ಶಕೀಲಾ


ಮಳವಳ್ಳಿ
೧೫ ಜೂನ್ ೧೯೪೭

ಶಕೀಲಾ,

ಫಲಿತಾಂಶ ನೀನೂ ನೋಡಿರ್ತೀಯ. ಗಣಿತಕ್ಕೆ ಜಿಲ್ಲೆಗೇ ಮೊದಲು ಅಂತ ಶಿವಣ್ಣ ಮೇಷ್ಟ್ರು ಹೇಳ್ತಾರೆ, ನಿಜವೋ ಸುಳ್ಳೋ. ಅಜ್ಜಿ ಬೀದಿಗೆಲ್ಲ ಬೆಲ್ಲ ಹಂಚಿದಳು.

ಮಾರ್ಚಿನ ಒಂದು ಸಂಗತಿ ನಿನಗೆ ಬರೆದಿರಲಿಲ್ಲ. ಪರೀಕ್ಷೆ ಹಾಲಿನಿಂದ ಹೊರಗೆ ಬಂದಾಗ ತೆಳ್ಳಗೆ ಉದ್ದಕ್ಕಿದ್ದ ಒಬ್ಬ ಹುಡುಗ ಹತ್ತಿರ ಬಂದ. "ನಾನು ನಿಡಘಟ್ಟದ ತಿಮ್ಮಯ್ಯ. ಮೂರನೇ ಸಲ ಬರೆದಿದ್ದೀನಿ. ನಿಮಗೆ ಅಡ್ಡ ಬನ್ನಿ ಅಂತ ನಾನು ಯಾರಿಗೂ ಹೇಳಿರಲಿಲ್ಲ. ನನ್ನನ್ನು ಯಾರೂ ಒಂದು ಮಾತು ಕೇಳಲೇ ಇಲ್ಲ" ಅಂದ. ನಾನು ವರ್ಷವೆಲ್ಲ ಅವನನ್ನೂ ಬೈದಿದ್ದೆ. ನಾಲ್ಕನೇ ಪ್ರಶ್ನೆ ಹೇಗೆ ಮಾಡಿದಿರಿ ಅಂತ ಕೇಳಿದೆ. ಸರಿಯಾಗೇ ಮಾಡಿದ್ದ. ಈ ಸಲ ಅವನೂ ಪಾಸು.

ಈಗ ಅಪ್ಪನ ಸುದ್ದಿ. ವರ್ಷ ಪೂರ್ತಿ ಅವ್ವನೇ ಹಿಟ್ಟು, ತುಪ್ಪ ಹೊತ್ತು ಬಂದು ಹೋಗ್ತಿದ್ದಳು. ಅಪ್ಪ ಇತ್ತ ತಲೆ ಹಾಕಲಿಲ್ಲ. ನಿನ್ನೆ ಕಾಲೇಜಿನ ಅರ್ಜಿಗೆ ಮೈಸೂರಿಗೆ ಬಂದಿದ್ದೆ, ಸಂಜೆ ಬಸ್ಸಿಗೇ ವಾಪಸು ಹೊರಡಬೇಕಾಗಿ ನಿನ್ನನ್ನು ನೋಡೋಕಾಗಲಿಲ್ಲ. ಬೆಳಿಗ್ಗೆ ಇಲ್ಲಿ ಬಸ್ಸಿನ ಹತ್ತಿರ ಬಂದರೆ ಅಪ್ಪ ಅಲ್ಲಿದ್ದಾನೆ! ಹೊಸ ಪಂಚೆ. ಸುತ್ತ ಜನ. "ನನ್ ಮಗ! ಇಡೀ ಜಿಲ್ಲೇಗೆ ಪಸ್ಟು! ಹೆಣ್ಣು ಅಂತ ನಾನು ಹಿಂದೆಮುಂದೆ ನೋಡ್ಲಿಲ್ಲ, ಅಟ ಇಡ್ದು ಓದುಸ್ಬುಟ್ಟೆ!" ಅಂತ ಕೂಗಿ ಹೇಳ್ತಿದ್ದಾನೆ.

ಶಕೀಲಾ, ನನಗೆ ಕಣ್ಣು ಕತ್ತಲೆ ಬಂತು. ನನ್ನ ಒಂದು ವರ್ಷ ತಿಂದುಹಾಕಿ, ಅದರ ಮೇಲೆ ನಿಂತು ಮೀಸೆ ತಿರುವೋದಾ? ಹತ್ತಿರ ಹೋಗಿ ಎಲ್ಲರಿಗೂ ಕೇಳಿಸೋ ಹಾಗೆ, "ಅಪ್ಪ, ಹೈಜೀನು ಬರೆಸಿದ್ದು ಯಾರು ಅಂತಾನೂ ಹೇಳಿಬಿಡು" ಅಂದೆ.

ಜನ ಅಪ್ಪನ ಕಡೆ ತಿರುಗಿದರು. ಅಪ್ಪನ ಮುಖ ಕೆಂಪಾಯಿತು. ಬೈತಾನೆ ಅಂದುಕೊಂಡೆ. ಟವಲಿನಲ್ಲಿ ಮುಖ ಒರೆಸಿಕೊಂಡ. ಆಮೇಲೆ, ಮೊದಲು ಕೂಗಿದಷ್ಟೇ ಜೋರಾಗಿ, "ಸುಳ್ಳು ಯೋಳ್ದೆ ಕಣ್ರಪ್ಪ. ನಾನೇಯ ಬರ್ಸಿದ್ದು. ಅವ್ಳು ಓಗೋ ದಾರೀಗೆ ಅಡ್ಡ ಮನಗಿದ್ದೋನು ನಾನೇಯ" ಅಂದ.

ಬಸ್ಸಿನ ಕೆಳಗಿಂದ ನಿಮ್ಮ ಅಬ್ಬಾ ತಲೆ ಹೊರಗೆ ಹಾಕಿದರು. "ನಾನೂ ಪಕ್ಕದಲ್ಲೇ ಮಲಗಿದ್ದೆ ಜವರಣ್ಣ. ಒಬ್ಬನೇ ಹೊತ್ತುಕೋಬೇಡ" ಅಂದರು.

ಯಾರೋ ನಕ್ಕರು. ನನಗೆ ನಗು ಬರಲಿಲ್ಲ. ಈಗಲೂ ಬರ್ತಿಲ್ಲ. ಆಗಸ್ಟಿಗೆ ಸ್ವಾತಂತ್ರ್ಯ ಅಂತ ಎಲ್ಲರೂ ಕುಣೀತಿದ್ದಾರೆ. ಮಂಡ್ಯದ ಆ ಸ್ಕೂಲಿನಲ್ಲಿ ಈ ತಿಂಗಳೂ ಒಬ್ಬ ಹುಡುಗಿ ಕೈ ಎತ್ತಿದಳಂತೆ, ಈ ಸಲವೂ ಹೈಜೀನು ಅಂದರಂತೆ. ಅಂಕಯ್ಯ ಮೇಷ್ಟ್ರು ಹೇಳಿ ಕಳಿಸಿದ್ದಾರೆ. ಅವಳಿಗೆ ನಾನು ನಿನ್ನೆಯೇ ಕಾಗದ ಹಾಕಿದ್ದೀನಿ. ಮಳವಳ್ಳಿಗೆ ಬಾ, ನಮ್ಮಜ್ಜಿ 'ಬ್ಯಾಡ' ಅನ್ನೋಲ್ಲ ಅಂತ.

ಬಸ್ಸು ಹೊರಡೋವರೆಗೂ ಅಪ್ಪ ಕಿಟಕಿ ಕೆಳಗೆ ನಿಂತಿದ್ದ. ಕಡಲೆಕಾಯಿ ಪೊಟ್ಟಣ ಒಳಗೆ ಕೊಟ್ಟ. ತಗೊಂಡೆ. ಮಾತು ಬರಲಿಲ್ಲ, ಬರೋಕೆ ಇನ್ನೂ ಹೊತ್ತಾಗುತ್ತೆ. ಬಸ್ಸು ತಿರುಗಿದಾಗ ಕೈ ಮಾತ್ರ ಎತ್ತಿದೆ. ಅವನೂ ಎತ್ತಿದ.

ಇಂದ್ರಮ್ಮ